ಅಂಗಳದಿಂದ ಕಂಡ ಕಡಲು

ಕಡಲದಂಡೆಯ ಊರು ಚೆಂಡಿಯಾದ ನೆಲ ನೌಕಾನೆಲೆಗೆ ಹೋಗಿ, ಚಂಪಾಳ ಮನೆಯವರು ಹೊಸ ಕಾಲನಿಗೆ ಬಂದು ಕೆಲವು ವರ್ಷಗಳಾಗಿದ್ದವು. ಈ ಸಲ ಮನೆಗೆ ಬಣ್ಣ ಬಳಿಸಿದ ಮೇಲೆ ಎದುರುಗೋಡೆ ಬೋಳಾಗಿ ಕಂಡಿತೆಂದು ಗಡಿಯಾರ ತರಲು ಅವಳು ಅಂಕೋಲೆ ಪೇಟೆಗೆ ಹೋದಳು. ಫೋಟೋಕ್ಕೆ ಕಟ್ಟು ಹಾಕುವ ಬಾಬುವಿನ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಅಲ್ಲೊಂದು ಚಿತ್ರ: ಮರಳ ದಂಡೆ, ಕಡಲಿಗೆ ಚಾಚಿದ ಕಡಿದಾದ ಗುಡ್ಡ, ಅದರ ಬುಡದಲ್ಲಿ ಬಗ್ಗಿ ನಿಂತ ಹೆಂಗಸರು.

“ಇದು ನಮ್ಮ ಚೆಂಡಿಯಾ ಅಲ್ವನಾ?”

“ಅಲ್ಲ ಅಕ್ಕಾ, ಫ್ರಾನ್ಸ್ ದೇಶದ್ದು. ಹಳೇ ಚಿತ್ರದ ಪ್ರಿಂಟು,” ಎಂದ ಬಾಬು.

ಗಡಿಯಾರ ಮರೆತುಹೋಯಿತು.

ಮನೆಯಲ್ಲಿ ಅತ್ತೆ ಬೀರಿ ಚಿತ್ರವನ್ನು ಮೂಗಿಗೆ ತಾಗಿಸಿ ನೋಡಿದಳು. “ಎಂತದೇ ಇದು? ಬಣ್ಣ ಬಳಿಯೋನು ಕೈ ಒರೆಸಿಟ್ಟ ಹಾಗದೆ!”

ಚಂಪಾಳ ಮುಖ ಸಣ್ಣದಾಯಿತು. ಆದರೂ ಮೊಳೆ ಹೊಡೆದು ತೂಗುಹಾಕಿದಳು.

ಸಂಜೆ ಅಂಗಳದಲ್ಲಿ ಮೀನು ಹೆರೆಯುತ್ತಿದ್ದ ಬೀರಿ ತಲೆಯೆತ್ತಿ ಬಾಗಿಲೊಳಗಿನ ಚಿತ್ರ ಕಂಡವಳೇ ಕೂಗಿಕೊಂಡಳು. “ಚಂಪಾ! ನೀರು ಹೊಳೀತದೆ! ಗುಡ್ಡೆ ಮೇಲೆ ಬಿಸಿಲು ಬಿದ್ದದೆ! ಇದನ್ನ ದೂರದಿಂದ ಕಾಣ್ಬೇಕೇ!”

ಪಕ್ಕದ ಮನೆಯ ಮಾದಿ ಓಡಿಬಂದಳು. ತೆರೆದ ಬಾಗಿಲಿನೊಳಕ್ಕೆ ಇಣುಕಿ, “ಹೌದನೇ, ಆ ಹೆಂಗಸ್ರು ಕಲಗ ಬಿಡಿಸ್ತಿದ್ದಾರೆ,” ಎಂದಳು. ಬಂಡೆಗಂಟಿದ ಆ ಚಿಪ್ಪು ಬಿಡಿಸುವುದರಲ್ಲಿ ಬೀರಿ, ಮಾದಿ ಇಬ್ಬರೂ ಒಂದು ಕಾಲಕ್ಕೆ ಪೈಪೋಟಿಗೆ ಬಿದ್ದವರು.

“ಅದು ಪರದೇಶ, ಅತ್ತೆ,” ಎಂದಳು ಚಂಪಾ.

“ಇರ್ಲಿ. ಅಲ್ಲೂ ಸೊಂಟ ಬಗ್ಸದೇ ಚಿಪ್ಪು ಸಿಗೂದಿಲ್ಲ ಅಂತಾತು!” ಎಂದಳು ಬೀರಿ.

ಮೂವರೂ ನಕ್ಕರು. ನಗು ನಿಂತಾಗ ಚಂಪಾ ಕೇಳಿದಳು, “ಹಾರವಾಡದ ಕಡಲು ಇಲ್ಲೇ ಇದೆ. ಬಂದಾಗಿಂದ ಒಂದು ದಿನನಾದ್ರೂ ಹೋದ್ವಾ?”

ತಮ್ಮದಲ್ಲದ ದಂಡೆಗೆ ಹೋಗಿ ಮಾಡುವುದೇನೆಂದು ಇಷ್ಟು ದಿನ ಹಟ ಹಿಡಿದವಳು ಬೀರಿಯೇ. ಈಗ ಅವಳು ಕತ್ತಿ ತೊಳೆದಿಟ್ಟು, “ಆಯ್ತವಾರ ಹೋಗುವ,” ಎಂದಳು.

ಭಾನುವಾರ ಅರ್ಧ ಕೇರಿಯೇ ಹೊರಟಿತು. ಬೀರಿ ಸೀರೆ ಮೇಲೆ ಕಟ್ಟಿ ನೀರಿಗಿಳಿದದ್ದೇ ತಡ, ತೆರೆಯೊಂದು ಬಂದು ಅವಳನ್ನು ಮರಳ ಮೇಲೆ ಕೂರಿಸಿತು. ಚಂಪಾ ಗಾಬರಿಯಿಂದ ಓಡಿದರೆ ಅತ್ತೆ ಕೂತಲ್ಲೇ ಹೊಟ್ಟೆ ಹಿಡಿದು ನಗುತ್ತಿದ್ದಳು. ಆಮೇಲೆ ಮಾದಿಯೂ ಅವಳೂ ಬಂಡೆಗಳ ನಡುವೆ ಹೊಕ್ಕವರು ಬುಟ್ಟಿ ತುಂಬದೆ ಹೊರಬರಲಿಲ್ಲ.

ಮರಳುವಾಗ ಬಸ್ಸಿನ ಕಂಡಕ್ಟರ್ ಗದರಿದ. “ಅಜ್ಜೀ, ಬುಟ್ಟಿ ಸೋರ್ತದೆ!”

“ಸೋರ್ಲಿ ಮಗಾ,” ಎಂದಳು ಬೀರಿ. “ರಾತ್ರಿ ಊಟಕ್ಕೆ ನೀನೂ ಬಾ.”