ಶಿವನಂಜಮ್ಮನವರ ಅರ್ಜಿಗಳು

ಶಿವನಂಜಮ್ಮನವರಿಗೆ ತಾವು ಕೇಳಿದ ಪ್ರಶ್ನೆಯನ್ನು ಕೈಬಿಡುವ ಕಲೆಯೇ ಗೊತ್ತಿರಲಿಲ್ಲ. ತೀರಿಹೋದ ಗಂಡನ ಕರಿಯ ಕೋಟನ್ನು ಸೀರೆಯ ಮೇಲೆ ತೊಟ್ಟು, ಮೂವತ್ತು ದಾಟಿದ ತಮ್ಮನ ಮಣಿಕಟ್ಟು ಹಿಡಿದು, ಎಡಗಾಲನ್ನು ತುಸು ಎಳೆಯುತ್ತ ಅವರು ಅಗ್ರಹಾರದ ನಮ್ಮ ಬೀದಿಯಲ್ಲಿ ಬರುವುದು ಕಂಡರೆ, ಅರ್ಜಿ ಬರೆದುಕೊಡುವ ಕರ್ಮ ನನ್ನ ಪಾಲಿನದೆಂದು ಬಲ್ಲ ನಾನು ಒಳಗೆ ಸರಿಯಲು ಹವಣಿಸುತ್ತಿದ್ದೆ. ಕೋಟೇಕೆಂದು ಒಮ್ಮೆ ಕೇಳಿದ್ದಕ್ಕೆ, "ಬರೀ ಸೀರೆ ಕಂಡ್ರೆ ಆಚೆ ನಿಲ್ಲು ಅಂತಾರೆ, ಕೋಟು ಕಂಡ್ರೆ ಯಾರು ಬೇಕು ಅಂತಾರೆ ಸ್ವಾಮಿ" ಎಂದಿದ್ದರು.

ತಮ್ಮ ಹುಚ್ಚಯ್ಯನದು ಹುಟ್ಟಿನಿಂದಲೂ ಐದಾರು ವರ್ಷದ ಮಗುವಿನ ಬುದ್ಧಿ. ಹಾಗಿದ್ದೂ ನಾಲ್ಕು ಮನೆಗೆ ನೀರು ಸೇದಿ ಹಾಕಿಕೊಂಡು ಸುಖವಾಗಿದ್ದ. ಐವತ್ತಾರನೆಯ ಇಸವಿಯ ಮಾಗಿಯಲ್ಲಿ ತಾಯಿ ತೀರಿಕೊಂಡರು. ರಂಪ ಮಾಡಿಯಾನೆಂದು ಹೆದರಿ ಅವನನ್ನು ಪಕ್ಕದ ಮನೆಯಲ್ಲಿ ಕೂರಿಸಿ, ಹೆಣವನ್ನು ಆಕೆಯ ತವರೂರು ಕಡಕೊಳದಲ್ಲಿ ಮಣ್ಣು ಮಾಡಿ ಬಂದು, ಅವ್ವ ಊರಿಗೆ ಹೋಗಿದ್ದಾಳೆಂದು ಅವನಿಗೆ ಹೇಳಿದೆವು. ಆ ಸಲಹೆ ನನ್ನದೇ; ಓದಿದವನ ಮಾತೆಂದು ಶಿವನಂಜಮ್ಮನವರೂ ಒಪ್ಪಿದ್ದರು. ತಿಂಗಳು ತುಂಬುವುದರೊಳಗೆ ಅವನ ಮಾತು ನಿಂತಿತು, ಊಟ ನಿಂತಿತು, ಮುಂಗೈಯನ್ನು ರಕ್ತ ಬರುವಂತೆ ಕಚ್ಚಿಕೊಳ್ಳತೊಡಗಿದ.

ಆಮೇಲಿನ ಎಂಟು ತಿಂಗಳನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಒಂದು ಆಸ್ಪತ್ರೆಯವರು ಇದು ತಲೆಯ ಕಾಯಿಲೆ, ಇಲ್ಲಿ ನೋಡುವುದಿಲ್ಲವೆಂದರು. ತಲೆಯ ಕಾಯಿಲೆ ನೋಡುವವರು ಇದು ಬರಿಯ ಮಂದಬುದ್ಧಿ, ನಮಗೆ ಸೇರಿದ್ದಲ್ಲವೆಂದರು. ಚೀಟಿ ಬರೆಯುವ ಗುಮಾಸ್ತನೊಬ್ಬ, "ಹೆಸರಲ್ಲೇ ಇದ್ಯಲ್ಲಮ್ಮ, ಇನ್ನೇನು ತೋರಿಸ್ತೀಯ" ಎಂದು ನಕ್ಕ. ನಾನೂ ಬೇಸತ್ತು ಒಮ್ಮೆ, "ಅವನು ಹುಟ್ಟಿದ್ದೇ ಹಾಗಲ್ವೇನ್ರಮ್ಮ, ಸುಮ್ಮನಿದ್ದುಬಿಡಿ" ಎಂದೆ.

"ಅವ್ನ ಬುದ್ಧಿ ಎಷ್ಟದೆ ಅಂತ ನಾ ಕೇಳ್ಲಿಲ್ಲ ಸ್ವಾಮಿ. ಉಣ್ತಿದ್ದೋನು ಯಾಕ್ ಉಣ್ತಿಲ್ಲ ಅಂತ ಕೇಳ್ದೆ. ಬುದ್ಧಿ ಕಮ್ಮಿ ಇದ್ರೆ ಸಂಕಟಾನೂ ಕಮ್ಮಿ ಇರ್ತದಾ?"

ಆಸ್ಪತ್ರೆಯ ದೊಡ್ಡ ಅಧಿಕಾರಿಗೆ ಇನ್ನೊಂದು ಅರ್ಜಿ ಬರೆದುಕೊಟ್ಟೆ.

ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ವೇದವತಿ ಎಂಬ ಹೊಸ ಡಾಕ್ಟರು ಸಿಕ್ಕರು. ನಮ್ಮಿಬ್ಬರನ್ನೂ ಬಿಟ್ಟು ಹುಚ್ಚಯ್ಯನನ್ನೇ ಎದುರು ಕೂರಿಸಿಕೊಂಡು, "ಯಾರನ್ನ ಕಾಯ್ತಿದ್ದೀಯಪ್ಪ?" ಎಂದರು. ಅವನು ಮುಂಗೈಯನ್ನು ಬಾಯಿಂದ ತೆಗೆದು ಹೇಳಿದ: "ಅವ್ವ ಊರಿಂದ ಬಂದಿಲ್ಲ."

ನಾವು ಅವನಿಗೆ ಹೇಳಿದ್ದ ಸುಳ್ಳನ್ನು ಡಾಕ್ಟರಿಗೆ ಒಪ್ಪಿಸಿದೆ. ಡಾಕ್ಟರು ಬಯ್ಯಲಿಲ್ಲ. "ಇವರಿಗೆ ನಿಜ ಹೇಳಿ, ತಿಳಿಯೋ ಹಾಗೆ ಹೇಳಿ. ಆಮೇಲೆ ಪ್ರತಿ ಮಂಗಳವಾರ ಕರ್ಕೊಂಡು ಬನ್ನಿ" ಎಂದರು.

ಮರುದಿನ ನಂಜನಗೂಡಿನ ರೈಲಿನಲ್ಲಿ ಮೂವರೂ ಕಡಕೊಳಕ್ಕೆ ಹೋದೆವು. ಮಣ್ಣಿನ ದಿಬ್ಬದ ಮೇಲೆ ತಮ್ಮನ ಅಂಗೈಯನ್ನು ಊರಿಸಿ, "ಅವ್ವ ಸತ್ತೋದ್ಲು ಕಣೋ. ಇಲ್ಲವ್ಳೆ. ಇನ್ ಬರಕಿಲ್ಲ" ಎಂದರು ಶಿವನಂಜಮ್ಮ. ಅವನು ಮಧ್ಯಾಹ್ನದವರೆಗೂ ಅತ್ತ. ಸಂಜೆ ಅರ್ಧ ಮುದ್ದೆ ಉಂಡ. ಮುಂಗೈಯ ಗಾಯ ಮಾಯಲು ಒಂದು ವರ್ಷದ ಮಂಗಳವಾರಗಳು ಬೇಕಾದವು. ಅಕ್ಕ ಮಾತ್ರ ಮೆತ್ತಗಾಗಲಿಲ್ಲ. ಡಾಕ್ಟರು ಎರಡು ಮಂಗಳವಾರ ತಡವಾಗಿ ಬಂದರೆಂದು ಅವರ ಮೇಲೂ ನನ್ನಿಂದ ಅರ್ಜಿ ಬರೆಸಿದರು.

ಇಂಥವರ ಸಹವಾಸ ಸುಖಕರವಲ್ಲ. ನಮ್ಮ ಹೊತ್ತನ್ನು ತಿನ್ನುತ್ತಾರೆ, ತಾಳ್ಮೆಯನ್ನು ಸವೆಸುತ್ತಾರೆ, ಉಪಕಾರವನ್ನು ನೆನೆಯುವುದಿಲ್ಲ. ಆದರೂ ಜಾಣರೆನಿಸಿಕೊಂಡ ನಾವು ದಯೆಯ ಹೆಸರಿನಲ್ಲಿ ಮುಚ್ಚಿಟ್ಟದ್ದನ್ನು ತೆರೆಸುವವರು ಅವರೇ. ಅವರನ್ನು ಕಂಡಾಗ ನಮಗೆ ಬರುವ ಸಿಟ್ಟಿನಲ್ಲಿ ಮುಕ್ಕಾಲು ಪಾಲು, ಅವರು ಹೇಳುವುದು ಸರಿಯೆಂದು ನಮಗೆ ಮೊದಲೇ ಗೊತ್ತಿರುವುದರಿಂದ ಹುಟ್ಟುವಂಥದು.