ದರ್ಜಿಯ ಪುಕ್ಕಟೆ ಇಳಿಜಾರು

ನಮ್ಮ ಬೀದಿಯ ದರ್ಜಿಯನ್ನು ಜಿಪುಣ ಅಂದರೆ ಅವನಿಗೇ ಬೇಜಾರಿಲ್ಲ. ಊರವರ ಪ್ಯಾಂಟಿನಲ್ಲಿ ಉಳಿದ ತುಂಡುಗಳಿಂದ ಕಾರಿನ ಸೀಟಿಗೆಲ್ಲ ಕವರ್ ಹೊಲಿದುಕೊಂಡವನು. ಅಂಥವನು ಒಂದು ಭಾನುವಾರ ಹೆಂಡತಿ, ತಾಯಿ, ನಾದಿನಿ ಮೂವರನ್ನೂ ಕೂರಿಸಿಕೊಂಡು ಘಾಟಿ ನೋಡಲು ಹೊರಟ. ನಾದಿನಿ ಅಂದರೆ ಹೆಂಡತಿಯ ತಂಗಿ, ಶಾಲೆ ವ್ಯಾನ್ ಓಡಿಸುವವಳು.

ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ತುದಿಯಲ್ಲಿ ಮೋಡ ಕೈಗೆ ಸಿಗುವಷ್ಟು ಹತ್ತಿರವಿತ್ತು. ಫೋಟೋ ತೆಗೆದದ್ದಾಯಿತು, ಚಹಾ ಕುಡಿದದ್ದಾಯಿತು. ಇಳಿಯುವಾಗ ದರ್ಜಿ ಪೆಟ್ರೋಲ್ ಉಳಿಸಲು ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿಬಿಟ್ಟ.

“ಭಾವ, ಸೆಕೆಂಡ್ ಗೇರಿಗೆ ಹಾಕಿ,” ಅಂದಳು ಪಕ್ಕದಲ್ಲಿದ್ದ ನಾದಿನಿ.

“ಯಾಕಮ್ಮಾ? ಕಾರು ತಾನಾಗೇ ಹೋಗ್ತಿದೆ. ಪುಕ್ಕಟೆ ಸಿಕ್ಕಿದ್ದನ್ನ ಬೇಡ ಅನ್ನಬಾರದು.”

“ಹೋಗೋದು ಸರಿ ಭಾವ. ನಿಲ್ಲೋದು ಹೇಗೆ?”

“ಬ್ರೇಕ್ ಇರೋದು ಯಾಕೆ, ನೋಡೋಕಾ?”

ದರ್ಜಿ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿದ. ತಿರುವಿಲ್ಲದ ಕಡೆಯೂ ಒತ್ತಿದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಅವನ ಮುಖ ಬಿಳಿಚಿಕೊಂಡಿತು.

“ಏನೇ, ಅಂಗಡೀಲಿ ಇಸ್ತ್ರಿಪೆಟ್ಟಿಗೆ ಆಫ್ ಮಾಡಿದ್ಯಾ?”

“ನಾನ್ಯಾಕೆ ಮಾಡ್ಲಿ? ಬೀಗ ಹಾಕಿದ್ದು ನೀವು,” ಅಂದಳು ಹೆಂಡತಿ ಹಿಂದಿನ ಸೀಟಿನಿಂದ.

“ಅಯ್ಯೋ, ಮದುವೆ ಗಂಡಿನ ಕೋಟು ಅದರ ಪಕ್ಕದಲ್ಲೇ ಇತ್ತು ಕಣೇ.”

“ರೀ, ಅಂಗಡಿ ಇರೋದು ಊರಲ್ಲಿ. ವಾಸನೆ ಬಸ್ ಹತ್ತಿ ಬಂತಾ?”

“ಭಾವ,” ಅಂದಳು ನಾದಿನಿ, “ಸುಡ್ತಿರೋದು ನಿಮ್ಮ ಬ್ರೇಕು.”

ದರ್ಜಿ ಮತ್ತೆ ಒತ್ತಿದ. ಪೆಡಲ್ ಮೆತ್ತಗೆ ಒಳಗೆ ಹೋಯಿತು, ಕಾರು ಮಾತ್ರ ನಿಧಾನವಾಗಲಿಲ್ಲ. ಮುಂದೆ ತಿರುವು, ಅದರಾಚೆ ಬರೀ ಮೋಡ. ನಾಲ್ಕು ಜೀವ ಆ ಒಂದು ಪೆಡಲನ್ನು ನಂಬಿಕೊಂಡಿದ್ದವು.

“ಮೂರನೇ ಗೇರಿಗೆ ಹಾಕಿ. ಹೂಂ, ಈಗ ಎರಡು. ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೀರಿ.” ನಾದಿನಿ ಶಾಲೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಇಂಜಿನ್ ಗುರುಗುಟ್ಟಿತು, ಕಾರು ಮಣಿಯಿತು, ತಿರುವಿಗೆ ಮುಂಚಿನ ಅಗಲ ಜಾಗದಲ್ಲಿ ನಿಂತಿತು.

ಇಷ್ಟು ಹೊತ್ತು ಗೊರಕೆ ಹೊಡೆಯುತ್ತಿದ್ದ ತಾಯಿ ಕಣ್ಣುಬಿಟ್ಟು, “ಮನೆ ಬಂತಾ ಮಗಾ?” ಅಂದರು.

“ಇನ್ನು ಬರುತ್ತೆ ಅತ್ತೆ,” ಅಂದಳು ಸೊಸೆ.

ದರ್ಜಿ ಚಕ್ರಕ್ಕೆ ಸುರಿಯಲು ನೀರಿನ ಬಾಟಲಿ ತೆಗೆದ.

“ಬೇಡ ಭಾವ, ಕಾದ ಕಬ್ಬಿಣ ಬಿರುಕು ಬಿಡುತ್ತೆ. ತಾನಾಗೇ ಆರಲಿ. ನಿಮ್ಮ ಹೊಲಿಗೆ ಮೆಷಿನ್ ಬೆಲ್ಟ್ ಕಳಚಿದ್ರೆ ಚಕ್ರ ನಿಮ್ಮ ಕಾಲಿನ ಮಾತು ಕೇಳುತ್ತಾ? ನ್ಯೂಟ್ರಲ್ ಅಂದ್ರೂ ಅದೇ. ಗೇರಲ್ಲಿದ್ರೆ ಇಂಜಿನ್ನೇ ಚಕ್ರಾನ ಹಿಡಿದಿಡುತ್ತೆ.”

“ಮತ್ತೆ ಪೆಟ್ರೋಲು?”

“ಈಗಿನ ಕಾರು ಗೇರಲ್ಲಿ ಇಳಿಯೋವಾಗ ಪೆಟ್ರೋಲ್ ಕುಡಿಯೋದೇ ಇಲ್ಲ ಅನ್ನಿ. ನ್ಯೂಟ್ರಲ್ಲಲ್ಲೇ ಜಾಸ್ತಿ.”

ಜೀವದ ಮಾತಿಗಿಂತ ಈ ಮಾತು ದರ್ಜಿಗೆ ಚೆನ್ನಾಗಿ ನಾಟಿತು. “ಇದನ್ನ ಮೊದಲೇ ಹೇಳೋದಲ್ವಾ?” ಅಂದ. ಬ್ರೇಕ್ ಆರಿದ ಮೇಲೆ ಒತ್ತಿ ನೋಡಿ, ಎರಡನೇ ಗೇರಿನಲ್ಲೇ ಬೆಟ್ಟ ಇಳಿದ. ಲಾರಿಗಳು ಹಿಂದೆ ಹಾಕಿ ಹೋದವು, ಹೋಗಲಿ ಬಿಡು ಅಂದ.

ಊರು ಸೇರಿ ಅಂಗಡಿ ಬೀಗ ತೆಗೆದರೆ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಕೋಟಿಗೆ ಒಂದು ಸುಕ್ಕೂ ಇರಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಹೊರಡುವ ಮುಂಚೆ ಮೆಕ್ಯಾನಿಕ್‌ಗೆ ಬ್ರೇಕ್ ತೋರಿಸಿ. ಯಾವ ಗೇರಿನಲ್ಲಿ ಘಾಟಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ಮನೆಯ ಇಸ್ತ್ರಿಪೆಟ್ಟಿಗೆ ನೆನೆಸಿಕೊಳ್ಳಬೇಡಿ, ಗಾಡಿ ನಿಲ್ಲಿಸಿ. ಎಲ್ಲರ ಕಾರಿನಲ್ಲೂ ನಾದಿನಿ ಇರುವುದಿಲ್ಲ.