ಎರಡು ಮಿಲಿಮೀಟರ್ ಎತ್ತರ

ನಾನು ಹಲ್ಲಿನ ಸೆಟ್ ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಕಳಿಸಿದ ಅಚ್ಚನ್ನು ನೋಡಿ, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಪಾಲಿಶ್ ಹೊಡೆದು ಡಬ್ಬಿಗೆ ಹಾಕಿ ಕೊಡುವವಳು. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ನನ್ನ ಕೈಯಿಂದ ಹೊರಟದ್ದೆಲ್ಲ ಹೋಗಿ ಸೇರುವುದು ಬೇರೆಯವರ ಬಾಯಿಗೆ. ನಗುವವರು ಅವರು, ಹೊಗಳಿಸಿಕೊಳ್ಳುವವರು ಡಾಕ್ಟರು. ಈ ಕೈಯಿಂದ ನನಗೋಸ್ಕರವೇ ಏನಾದರೂ ಒಂದು ಹೊರಡಲಿ, ಅದನ್ನು ನಾನೇ ಕೂತು ಕೇಳಿಸಿಕೊಳ್ಳಬೇಕು ಎಂದು ನಲವತ್ತಮೂರನೇ ವಯಸ್ಸಿನಲ್ಲಿ ಆಸೆಯಾಯಿತು. ಗಿಟಾರ್ ಕಲಿಯುತ್ತೇನೆ ಎಂದೆ.

ಹೇಳಿದ್ದು ಅಕ್ಕನಿಗೆ. ಬೇರೆ ಯಾರಿಗೆ ಹೇಳಲಿ? ನಮ್ಮ ಮನೆಯಲ್ಲಿ ಸಂಗೀತ ಎಂದರೆ ಅಕ್ಕ. ಅವಳಿಗೆ ಹನ್ನೆರಡು ತುಂಬಿದಾಗ ಅಪ್ಪ ಅವಳಿಗೆ ಗಿಟಾರ್ ತಂದರು, ನನಗೆ ಜಾಮಿಟ್ರಿ ಬಾಕ್ಸ್ ತಂದರು. ಅದರಲ್ಲಿ ನನಗೇನೂ ಬೇಜಾರಿರಲಿಲ್ಲ. ದೊಡ್ಡವಳು ನುಡಿಸುತ್ತಾಳೆ, ಚಿಕ್ಕವಳು ಅಳೆಯುತ್ತಾಳೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ನಾನೂ ಒಪ್ಪಿಕೊಂಡಿದ್ದೆ. ಈಗ ಅಕ್ಕ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಗಿಟಾರ್ ಪಾಠ ಹೇಳುತ್ತಾಳೆ. ಮೊದಲು ಹನ್ನೊಂದು ಜನ ಬರುತ್ತಿದ್ದರು, ಈಗ ನಾಲ್ವರು. ಆದರೂ ಸಂಗೀತದ ವಿಷಯದಲ್ಲಿ ಅವಳು ಒಂದು ಮಾತು ಹೇಳಿದರೆ ನನಗೆ ಅದೇ ಕೊನೆ.

“ನೀನಾ? ಗಿಟಾರಾ?” ಎಂದು ಅಕ್ಕ ಗಟ್ಟಿಯಾಗಿ ನಕ್ಕಳು. ಆಮೇಲೆ, “ಆಯ್ತು ಬಾರೇ ಕುಳ್ಳಿ, ನಾನೇ ಬಂದು ಆರಿಸಿ ಕೊಡಿಸ್ತೀನಿ. ನೀನೊಬ್ಳೇ ಹೋದ್ರೆ ಚೆನ್ನಾಗಿ ತಲೆ ಬೋಳಿಸಿ ಕಳಿಸ್ತಾರೆ” ಎಂದಳು. ನಾನು ಐದಡಿಗೆ ಎರಡಂಗುಲ ಕಡಿಮೆ. ಆ ಹೆಸರು ಅವಳೇ ಇಟ್ಟದ್ದು, ಅವಳು ಕರೆದರೆ ಮಾತ್ರ ನನಗೆ ಸಿಟ್ಟು ಬರುವುದಿಲ್ಲ.

ಅಂಗಡಿ ಎಂದರೆ ಬೀಗದ ಕೈ ಮಾಡುವವನಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಉದ್ದನೆಯ ಒಂದು ಕೋಣೆ. ಎರಡೂ ಗೋಡೆಗೆ ಗಿಟಾರ್‌ಗಳು ನೇತಾಡುತ್ತಿದ್ದವು. ಅಂಗಡಿಯವರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಮೇಜಿನ ಮೇಲೆ ಅದನ್ನೇ ಹುಡುಕುತ್ತಿದ್ದರು. ನಾನು ಸೀದಾ ಹೋಗಿ ಫಳಫಳ ಹೊಳೆಯುವ ನೀಲಿ ಗಿಟಾರೊಂದಕ್ಕೆ ಕೈ ಹಾಕಿದೆ.

“ಅದನ್ನ ಕೆಳಗಿಡು. ಅದು ನೋಡೋಕೆ ಮಾತ್ರ” ಎಂದಳು ಅಕ್ಕ.

ಅವತ್ತು ಅವಳು ನನಗೆ ಎಷ್ಟೊಂದು ಹೇಳಿಕೊಟ್ಟಳು! ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ಕುತ್ತಿಗೆ ನೆಟ್ಟಗಿದೆಯೇ ಎಂದು ನೋಡಬೇಕು. ಕುತ್ತಿಗೆಯ ಮೇಲಿನ ಲೋಹದ ಗೆರೆಗಳ ನಡುವಿನ ಒಂದೊಂದೇ ಮನೆಯಲ್ಲಿ ಒತ್ತಿ ತಂತಿ ಎಲ್ಲಾದರೂ ಗರಗರ ಎನ್ನುತ್ತದೆಯೇ ಎಂದು ಕೇಳಬೇಕು. ಬಿರಡೆ ತಿರುಗಿಸಿದರೆ ನಿಂತಲ್ಲಿ ನಿಲ್ಲಬೇಕು, ಜಾರಬಾರದು. ಅಂಚಿನಲ್ಲಿ ಕೈಯಾಡಿಸಿದರೆ ಲೋಹ ಗೀರಬಾರದು. ದೊಡ್ಡ ಹೊಟ್ಟೆಯ ಗಿಟಾರ್ ತೊಡೆಯ ಮೇಲಿಟ್ಟುಕೊಂಡರೆ ನನ್ನ ಕೈ ಅದರ ಮೇಲಿಂದ ಆಚೆಗೆ ಬರಲೇ ಇಲ್ಲ. “ನಿನ್ನ ಹಿಂದೆ ಬಚ್ಚಿಟ್ಟುಕೊಂಡಿರೋದು ಗಿಟಾರೋ, ಗಿಟಾರ್ ಹಿಂದೆ ಬಚ್ಚಿಟ್ಟುಕೊಂಡಿರೋದು ನೀನೋ?” ಎಂದು ಅಕ್ಕ ನಗಾಡಿದಳು. ಕೊನೆಗೆ ಅವಳು ಕೆಳಗಿಳಿಸಿದ್ದು ಜೇನಿನ ಬಣ್ಣದ, ಚಿಕ್ಕ ಮೈಯ ಒಂದು ಗಿಟಾರ್. ಅಂಗಡಿಯಲ್ಲಿ ಅತಿ ಅಗ್ಗದ್ದಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ನನ್ನ ಕೈಗೆಟುಕುವಂಥದ್ದೇ.

“ಒಳ್ಳೇದು ಆರಿಸಿದ್ರಿ” ಎಂದರು ಅಂಗಡಿಯವರು. “ಹೊಸದಾಗಿ ಕಲಿಯೋರಿಗೆ ಬ್ರಾಂಡು ಗೀಂಡು ಎಲ್ಲ ಆಮೇಲೆ. ತಂತಿ ಮರಕ್ಕೆ ಹತ್ತಿರ ಇರ್ಬೇಕು ಅಷ್ಟೆ. ಎತ್ತರ ಇದ್ರೆ ಒತ್ತೋಕೆ ಆಗಲ್ಲ, ಮೂರು ತಿಂಗಳಿಗೆ ತಂದು ವಾಪಸ್ ಕೊಡ್ತಾರೆ. ಇದನ್ನ ನಾನೇ ಕೂತು ಇಳಿಸಿದೀನಿ.”

ಅಕ್ಕ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, “ಎರಡು ದಿನ ನನ್ನ ಹತ್ರ ಇರ್ಲಿ. ಹೊಸ ತಂತಿ ಹಾಕಿ ಕೊಡ್ತೀನಿ” ಎಂದಳು. ಬಸ್ಸಿನಲ್ಲಿ ಇಬ್ಬರ ಮಂಡಿಗಳ ನಡುವೆ ಗಿಟಾರ್ ನಿಲ್ಲಿಸಿಕೊಂಡು ಬಂದೆವು. ಅಕ್ಕ ನನಗೋಸ್ಕರ ಅರ್ಧ ದಿನ ಕಳೆದಿದ್ದಳು. ಎಷ್ಟು ವರ್ಷವಾಗಿತ್ತೋ ಹಾಗೆ ನಾವಿಬ್ಬರೇ ಹೊರಗೆ ಹೋಗಿ. ನನಗೆ ಗಿಟಾರಿಗಿಂತ ಅದೇ ಹೆಚ್ಚು ಖುಷಿಯಾಗಿತ್ತು, ಈಗ ಹೇಳಲು ನಾಚಿಕೆಯಾಗುತ್ತದೆ.

ಆಮೇಲಿನ ಮೂರು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಪ್ಲಾಸ್ಟರಿನಲ್ಲಿ ಕೈಯಾಡಿಸಿ ಮೊದಲೇ ಬಿರುಕು ಬಿಟ್ಟ ಬೆರಳು. ಅದರ ಮೇಲೆ ತಂತಿ ಕೂತರೆ ಕಣ್ಣಲ್ಲಿ ನೀರು. ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದೆ. ಎಫ್ ಎಂಬ ಒಂದು ಕಾರ್ಡ್, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಇದೆ; ತೋರುಬೆರಳನ್ನು ಮಲಗಿಸಿ ಆರೂ ತಂತಿಯನ್ನು ಒಟ್ಟಿಗೆ ಒತ್ತಬೇಕು. ಅಕ್ಕನ ಗಿಟಾರಿನಲ್ಲಿ ಅದು ಗಂಟೆ ಬಾರಿಸಿದ ಹಾಗೆ ಬರುತ್ತಿತ್ತು. ನನ್ನದರಲ್ಲಿ ಎರಡು ತಂತಿ ಕೆಮ್ಮುತ್ತಿದ್ದವು, ಉಳಿದ ನಾಲ್ಕು ಬಾಯೇ ಬಿಡುತ್ತಿರಲಿಲ್ಲ. ನಿನ್ನದರಲ್ಲಿ ಒಂದು ಸಲ ನುಡಿಸಿ ನೋಡಲಾ ಎಂದರೆ, ಅಭ್ಯಾಸ ಕೆಟ್ಟುಹೋಗುತ್ತದೆ ಎಂದು ಮುಟ್ಟಲು ಬಿಡುತ್ತಿರಲಿಲ್ಲ. ನನ್ನ ಗಿಟಾರಿನ ತಂತಿ ಬದಲಿಸುವುದೂ ಅವಳೇ. ನೀನು ಬಿಚ್ಚಬೇಡ, ಹಾಳಾಗುತ್ತದೆ ಎಂದಿದ್ದಳು.

ಬೆರಳಿನ ನೋವು ಹಾಗಿರಲಿ. ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು.

“ಅಕ್ಕ, ಒತ್ತಿದಾಗ ಸ್ವರ ಸ್ವಲ್ಪ ಮೇಲೆ ಹೋಗುತ್ತಲ್ವಾ? ಸುಮ್ನೆ ಮೀಟಿದ್ರೆ ಸರಿಯಾಗೇ ಇರುತ್ತೆ. ಒತ್ತಿದ ತಕ್ಷಣ ಕಿವಿಗೆ ಚುಚ್ಚುತ್ತೆ.”

“ಗಿಟಾರ್ ಸರಿಯಾಗೇ ಇದೆ ಕಣೇ. ನಿನ್ನ ಕಿವಿ ಹಾಗೆ. ಇಪ್ಪತ್ತು ವರ್ಷ ಆ ಮೆಷಿನ್ ಗಿರ್ರ್ ಅನ್ನೋದನ್ನ ಕೇಳಿ ಕೇಳಿ ಕೆಟ್ಟಿರುತ್ತೆ, ಪಾಪ.”

ಅವಳು ಪಾಪ ಎಂದ ರೀತಿಗೆ ಹೆದರಿಹೋದೆ. ಮರುದಿನವೇ ರಜೆ ಹಾಕಿ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಒತ್ತಿದೆ. ಕಾಗದ ನೋಡಿ, “ನಿಮ್ಮ ಕಿವಿ ಇಪ್ಪತ್ತು ವರ್ಷದವರ ಕಿವಿ ಇದ್ದಂಗಿದೆಯಲ್ಲಮ್ಮ” ಎಂದರು. ನಾನು ಡಾಕ್ಟರನ್ನು ನಂಬಲಿಲ್ಲ, ಅಕ್ಕನನ್ನು ನಂಬಿದೆ.

ಒಂದು ದಿನ ಅಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ಅಕ್ಕ ಪೊರಕೆ ಹಿಡಿದುಕೊಂಡು ನಾನು ಗಿಟಾರ್ ನುಡಿಸುವುದನ್ನು ಮಾಡಿ ತೋರಿಸಿದಳು. ನಾಲಿಗೆ ಹೊರಗೆ ಹಾಕಿ, ಭುಜ ಕಿವಿಗೇರಿಸಿ, ಮುಕ್ಕರಿಯುತ್ತ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಹಲ್ಲು ಕಿರಿದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಡುವಾಗ ಅಕ್ಕ ಬಾಗಿಲ ಹತ್ತಿರ ನನ್ನ ಭುಜ ಹಿಡಿದಳು.

“ಬಿಟ್ಬಿಡೇ ಕುಳ್ಳಿ. ಎಲ್ರಿಗೂ ಎಲ್ಲಾ ಬರಲ್ಲ. ನಂಗೆ ನಿನ್ನ ಹಾಗೆ ಹಲ್ಲು ಜೋಡಿಸೋಕೆ ಬರುತ್ತಾ ಹೇಳು? ಭಾನುವಾರ ಗಿಟಾರ್ ತಂದ್ಬಿಡು, ಯಾರಿಗಾದ್ರೂ ಕೊಡಿಸ್ತೀನಿ.”

ಅವಳು ಹೇಳಿದ ಮೇಲೆ ಮುಗಿಯಿತು. ನನ್ನ ಬೆರಳಲ್ಲೂ ಏನೂ ಇಲ್ಲ, ಕಿವಿಯಲ್ಲೂ ಏನೂ ಇಲ್ಲ ಎಂದು ಒಪ್ಪಿಕೊಂಡೆ.

ಆದರೆ ಕೊಳೆಯಾದ ವಸ್ತುವನ್ನು ಕೈಯಿಂದ ಆಚೆ ಕಳಿಸುವ ಅಭ್ಯಾಸ ನನಗಿಲ್ಲ. ಶನಿವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಗಿಟಾರನ್ನು ಲ್ಯಾಬಿನ ನನ್ನ ಮೇಜಿನ ಮೇಲೆ ಮಲಗಿಸಿದೆ. ಮೆತ್ತನೆಯ ಬ್ರಶ್ಶು, ಬಟ್ಟೆ, ಒಳ್ಳೆಯ ದೀಪ ಎಲ್ಲ ಅಲ್ಲೇ ಇವೆ. ಹೇಗೂ ಕೊಟ್ಟುಬಿಡುವುದು, ಹಾಳಾದರೆ ಆಗಲಿ ಎಂದು ತಂತಿ ಸಡಿಲಿಸಿದೆ. ಕೆಳತುದಿಯಲ್ಲಿ ತಂತಿಗಳು ಏರಿ ಕೂರುವ ಒಂದು ಬಿಳಿ ಪಟ್ಟಿ ಇರುತ್ತದೆ. ಅದರ ಸಂದಿಯ ಧೂಳು ತೆಗೆಯಲು ಚಿಮಟದಿಂದ ಎತ್ತಿದೆ. ಪಟ್ಟಿಯ ಅಡಿಯಿಂದ ಇನ್ನೊಂದು ತುಂಡು ಬಂತು. ಗುಲಾಬಿ ಬಣ್ಣದ್ದು.

ಒಸಡಿನ ಗುಲಾಬಿ. ಸೆಟ್ಟಿನ ಒಸಡಿಗೆಂದು ದಿನಾ ನಾನು ಬೇಯಿಸುವ, ಉಜ್ಜುವ ಅದೇ ಗುಲಾಬಿ ಪ್ಲಾಸ್ಟಿಕ್. ಯಾರು ಮಾಡಿದ್ದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂಚುಗಳು ಸಣ್ಣಗೆ ಇಳಿಜಾರಾಗಿದ್ದವು. ಅದು ನನ್ನ ಅಭ್ಯಾಸ, ಯಾರ ನಾಲಿಗೆಗೂ ಚುಚ್ಚಬಾರದು ಎಂದು.

ಗಿಟಾರ್ ಕೊಂಡ ಮಾರನೇ ದಿನ ಅಕ್ಕ ತಿಂಡಿ ಡಬ್ಬಿ ಹಿಡಿದುಕೊಂಡು ಲ್ಯಾಬಿಗೆ ಬಂದಿದ್ದಳು. “ನನ್ನ ಒಬ್ಬ ಸ್ಟೂಡೆಂಟ್ ಗಿಟಾರಲ್ಲಿ ತಂತಿ ಮರಕ್ಕೆ ತಾಗ್ತಿದೆ ಕಣೇ. ಕೆಳಗಿಟ್ಟು ತಂತಿ ಎತ್ತರಿಸೋಕೆ ಎರಡು ಮಿಲಿಮೀಟರ್ ದಪ್ಪದ್ದೊಂದು, ಅರ್ಧ ಮಿಲಿಮೀಟರ್ ದಪ್ಪದ್ದೊಂದು ತುಂಡು ಬೇಕು. ನಿನ್ನಷ್ಟು ಕರೆಕ್ಟಾಗಿ ಯಾರೂ ಮಾಡಲ್ಲ” ಎಂದು ಅಳತೆಯ ಚೀಟಿ ಕೊಟ್ಟಿದ್ದಳು. ನಾನು ಉಬ್ಬಿಹೋಗಿದ್ದೆ. ಯಾರದೋ ಮೇಲ್ದವಡೆಯ ಸೆಟ್ಟನ್ನು ಪಕ್ಕಕ್ಕೆ ಸರಿಸಿ, ಅವಳ ತುಂಡುಗಳನ್ನು ಕ್ಯಾಲಿಪರಿಗೆ ಹಿಡಿದು ಹಿಡಿದು ಉಜ್ಜಿದ್ದೆ. ಪಾಲಿಶ್ ಬೇಡ ಎಂದರೂ ಪಾಲಿಶ್ ಹೊಡೆದು ಕೊಟ್ಟಿದ್ದೆ.

ಮೇಲಿನ ತುದಿಯಲ್ಲಿ, ಬಿರಡೆಗಳ ಹತ್ತಿರ, ಅಂಥದೇ ಇನ್ನೊಂದು ಪಟ್ಟಿ ಇರುತ್ತದೆ, ಅದನ್ನು ತೆಳು ಚಾಕುವಿನಿಂದ ಬಿಡಿಸಿದೆ. ಅರ್ಧ ಮಿಲಿಮೀಟರಿನದು ಅಲ್ಲಿತ್ತು. ಅದರ ಅಂಚು ಹೊರಗೆ ಕಾಣುತ್ತದೆಂದು ಅಕ್ಕ ಕಪ್ಪು ಬಣ್ಣ ಬಳಿದಿದ್ದಳು.

ಅಕ್ಕ ನನಗೆ ಕೈ ಕೊಟ್ಟಳು ಎನ್ನೋಣವೆಂದರೆ ಆ ಕೈಯೂ ನನ್ನದೇ. ನನ್ನಿಂದಲೇ ಮಾಡಿಸಿಕೊಂಡು ಹೋಗಿ ನನಗೇ ಇಟ್ಟಿದ್ದಳು. ಎರಡೂ ತುಂಡು ತೆಗೆದು, ಪಟ್ಟಿಗಳನ್ನು ಕೂರಿಸಿ, ತಂತಿ ಬಿಗಿದೆ. ಎಫ್ ಹಿಡಿದೆ. ಆರೂ ತಂತಿ ಒಟ್ಟಿಗೆ ನುಡಿದವು. ಎತ್ತರದ ತಂತಿಯನ್ನು ಎಳೆದು ಒತ್ತಿದ್ದಕ್ಕೇ ಸ್ವರ ಏರುತ್ತಿತ್ತು, ಈಗ ಕಿವಿಗೆ ಚುಚ್ಚುತ್ತಿದ್ದದ್ದೂ ಇಲ್ಲ. ಮೂರು ತಿಂಗಳು ನಾನು ಕೇಳಿದ್ದು ಸರಿಯಾಗಿಯೇ ಇತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಉರಿಯಿತು.

ಭಾನುವಾರ ಹೋದಾಗ ಅಕ್ಕ ಕಿಟಕಿಯ ಪಕ್ಕ ಕೂತು ಬಲಗೈಯ ಉಗುರು ಉಜ್ಜಿಕೊಳ್ಳುತ್ತಿದ್ದಳು. ನಾನು ತುಂಡುಗಳನ್ನು ಅವಳ ಮುಂದೆ ಗಾಜಿನ ಮೇಜಿನ ಮೇಲಿಟ್ಟೆ.

“ಇದೇನೇ?”

“ನಿನ್ನ ಸ್ಟೂಡೆಂಟ್‌ದು. ಯಾವ ಸ್ಟೂಡೆಂಟ್ ಅಂತ ನಿನ್ನೆ ಗೊತ್ತಾಯ್ತು.”

ಅವಳ ಕೈ ನಿಂತಿತು. “ಅದು... ನಿನ್ನ ಬೆರಳು ಗಟ್ಟಿಯಾಗ್ಲಿ ಅಂತ...”

“ಕಪ್ಪು ಬಣ್ಣ ಬಳಿದಿದ್ದೂ ಬೆರಳು ಗಟ್ಟಿಯಾಗ್ಲಿ ಅಂತಾನಾ ಅಕ್ಕ?”

ಅವಳು ಉಗುರುಜ್ಜುವ ಅರವನ್ನು ಮೇಜಿನ ಮೇಲಿಟ್ಟಳು. ಆಮೇಲೆ ತುಂಡುಗಳನ್ನು ನೋಡುತ್ತಲೇ ಹೇಳಿದಳು. “ಅಂಗಡೀಲಿ ನಾನೊಂದು ಗಿಟಾರ್ ಮೀಟಿದಾಗ ನೀನು ಅಂದೆ, ಇದರ ನಾಲ್ಕನೇ ತಂತಿ ಸ್ವಲ್ಪ ಇಳಿದಿಲ್ವಾ ಅಂತ. ನೆನಪಿದ್ಯಾ? ಅಂಗಡಿಯವ್ರು ಶ್ರುತಿ ಮೀಟರ್ ಇಟ್ಟು ನೋಡಿದ್ರು. ಇಳಿದಿತ್ತು. ಕೂದಲೆಳೆಯಷ್ಟು. ಮೂವತ್ತನಾಲ್ಕು ವರ್ಷದಿಂದ ನುಡಿಸ್ತಿದೀನಿ. ನಂಗೆ ಕೇಳಿಸಿರ್ಲಿಲ್ಲ ಕಣೇ.”

ನನಗದು ನೆನಪೇ ಇರಲಿಲ್ಲ. ಮರೆತುಹೋಗುವಷ್ಟು ಸಣ್ಣ ಮಾತು ಅದು ನನಗೆ.

“ಅಮ್ಮ ಏನೇ ಕೇಳ್ಬೇಕಾದ್ರೂ ನಿನ್ನ ಕೇಳ್ತಾಳೆ. ನಿಂಗೆ ಕೆಲಸ ಇದೆ, ನಾಲ್ಕು ಜನ ಹುಡುಕ್ಕೊಂಡು ಬರ್ತಾರೆ. ನಂಗಿರೋದು ಇದೊಂದೇ. ಇದನ್ನೂ ನೀನು ಆರು ತಿಂಗಳಲ್ಲಿ ಕಲಿತುಬಿಟ್ರೆ ನಾನು ಯಾರು?”

“ಅದನ್ನೇ ಬಾಯಿಬಿಟ್ಟು ಹೇಳಿದ್ರೆ ನಾನು ಗಿಟಾರ್ ಮುಟ್ತಾನೇ ಇರ್ಲಿಲ್ಲ ಅಕ್ಕ. ನೀನು ಬೇಡ ಅಂದಿದ್ರೆ ಸಾಕಿತ್ತು. ನನ್ನ ಕಿವಿ ಕೆಟ್ಟಿದೆ ಅಂದ್ಯಲ್ಲ! ನಾನು ಹೋಗಿ ಡಾಕ್ಟರ್‌ಗೆ ತೋರಿಸ್ಕೊಂಡು ಬಂದೆ ಗೊತ್ತಾ? ಸರಿ ಇದೆ ಅಂದ್ರು. ನಾನು ಅವರನ್ನ ನಂಬಲಿಲ್ಲ. ನಿನ್ನ ನಂಬಿದೆ.”

ಅಳು ಬಂದದ್ದು ಅವಳಿಗೆ. ನ್ಯಾಯವಾಗಿ ನನಗೆ ಬರಬೇಕಿತ್ತು, ಅದನ್ನೂ ಅವಳೇ ಕಿತ್ತುಕೊಂಡಳು ಎಂದು ಇನ್ನಷ್ಟು ರೇಗಿತು. ತಪ್ಪಾಯಿತು ಎಂದಳು. ಎರಡು ಸಲ ಎಂದಳು. ಸೆರಗಿಗೆ ಮೂಗು ಒರೆಸಿಕೊಂಡು, “ತೆಗಿ ಗಿಟಾರ್. ನುಡಿಸು, ಕೇಳ್ತೀನಿ. ಇವತ್ತಿಂದ ಸರಿಯಾಗಿ ಹೇಳ್ಕೊಡ್ತೀನಿ” ಎಂದಳು.

ಎದ್ದು ಹೋಗಬೇಕೆಂದುಕೊಂಡೇ ಬಂದಿದ್ದೆ. ಆದರೆ ಒಂದು ಸಲ ಅವಳು ಕೇಳಲಿ ಎಂಬ ಹಟವೂ ಇತ್ತು. ಕೂತು ನಾಲ್ಕು ಕಾರ್ಡ್ ನುಡಿಸಿದೆ, ಕೊನೆಯದು ಎಫ್. ಒಂದೂ ಕೆಮ್ಮಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು.

“ಚೆನ್ನಾಗಿದೆ” ಎಂದಳು ಮೆತ್ತಗೆ. “ಹೆಬ್ಬೆರಳು ಮಾತ್ರ ಇನ್ನೊಂಚೂರು ಕೆಳಗೆ ತಗೋ. ಕೈ ನೋಯಲ್ಲ.”

ಕೈ ನಿಜವಾಗಿಯೂ ನೋಯುತ್ತಿತ್ತು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು, ದನಿಯಲ್ಲಿ ಮೋಸವಿರಲಿಲ್ಲ. ಆದರೆ ನಿನ್ನ ಕಿವಿ ಹಾಗೆ ಪಾಪ ಎಂದಾಗಲೂ ಆ ದನಿಯಲ್ಲಿ ಮೋಸವಿರಲಿಲ್ಲ. ಇದು ಒಳ್ಳೆಯ ಪಾಠವೋ ಇನ್ನೊಂದು ಗುಲಾಬಿ ತುಂಡೋ, ನನಗೆ ಹೇಗೆ ಗೊತ್ತಾಗಬೇಕು? ಈ ವಿಷಯದಲ್ಲಿ ಕೇಳೋಣವೆಂದರೆ ನನಗೆ ಇದ್ದವಳು ಅವಳೊಬ್ಬಳೇ.

“ಕೆಳಗೆ ತಗೊಳ್ಳೇ ಕುಳ್ಳಿ” ಎಂದಳು ಅಕ್ಕ ಮತ್ತೊಮ್ಮೆ.

ನಾನು ಹೆಬ್ಬೆರಳನ್ನು ಇದ್ದಲ್ಲೇ ಇಟ್ಟು, ನೋಯುವ ಕೈಯಲ್ಲೇ ಮತ್ತೆ ಮೊದಲಿನಿಂದ ನುಡಿಸಿದೆ.